ಎರಡನೆಯ ರೂಟರನ್ನು ಕೊಳ್ಳುವ ಮುನ್ನ

ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ತಾಲೂಕುಗಳ ಗ್ರಾಮ ಪಂಚಾಯತಿ ಅರಿವು ಕೇಂದ್ರಗಳ ಮೇಲ್ವಿಚಾರಕರಿಗೂ, ಆ ಕೇಂದ್ರಗಳ ಹೊಣೆ ಹೊತ್ತ ಅಧ್ಯಕ್ಷರು, ಸದಸ್ಯರು ಮತ್ತು ಅಭಿವೃದ್ಧಿ ಅಧಿಕಾರಿಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಓದುವ ಕೋಣೆಯಲ್ಲಿ ವೈಫೈ ಸರಿಯಾಗಿ ಸಿಗುತ್ತಿಲ್ಲವೆಂದು ಮಕ್ಕಳು ದೂರಿದ ಕೂಡಲೇ ಪೇಟೆಗೆ ಹೋಗಿ ಮತ್ತೊಂದು ರೂಟರನ್ನು ತಂದುಬಿಡುವ ವಾಡಿಕೆಯು ನಮ್ಮ ಸೀಮೆಯ ಪಂಚಾಯತಿಗಳಲ್ಲಿ ಈಚೆಗೆ ಬೇರೂರುತ್ತಿರುವುದನ್ನೂ, ಹಾಗೆ ತಂದ ಪೆಟ್ಟಿಗೆಯಿಂದ ಹಣವೂ ವ್ಯಯವಾಗಿ ಇದ್ದ ಸಂಪರ್ಕವೂ ಕೆಡುತ್ತಿರುವುದನ್ನೂ ಹಲವೆಡೆ ಕಣ್ಣಾರೆ ಕಂಡಮೇಲೆ, ಈ ವಿಷಯವಾಗಿ ತಮ್ಮೊಡನೆ ಸ್ವಲ್ಪ ವಿಸ್ತಾರವಾಗಿಯೇ ಮಾತನಾಡುವುದು ನನ್ನ ಕರ್ತವ್ಯವೆಂದು ಭಾವಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಕೇಬಲ್ ಎಳೆಯುವ, ಪೆಟ್ಟಿಗೆ ಕೂಡಿಸುವ ಕಸುಬಿನಲ್ಲಿ ಆಯುಷ್ಯದ ಬಹುಭಾಗವನ್ನು ಈ ನಾಲ್ಕು ತಾಲೂಕುಗಳಲ್ಲಿಯೇ ಕಳೆದವನು ನಾನು. ಆದುದರಿಂದ ಇಲ್ಲಿ ಬರೆಯುವುದೆಲ್ಲವೂ ಕಂಡು ಮಾಡಿದ ಕೆಲಸದ ಮಾತು. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳಿತು. ತಮ್ಮಲ್ಲಿ ಬಹುಮಂದಿಗೆ ಈಗ ಬೇಕಾಗಿರುವುದು ಆ್ಯಕ್ಸೆಸ್ ಪಾಯಿಂಟ್ ಎಂಬ ಉಪಕರಣವೇ ಹೊರತು ಇನ್ನೊಂದು ರೂಟರಲ್ಲ. ಮತ್ತು ಆ ಉಪಕರಣಕ್ಕಿಂತಲೂ ಹೆಚ್ಚಾಗಿ ಬೇಕಾಗಿರುವುದು ಅದರವರೆಗೆ ಗೋಡೆಯನ್ನು ಕೊರೆದು ಎಳೆದ ಒಂದು ಒಳ್ಳೆಯ ಕೇಬಲ್ಲು.

ಈ ಪ್ರಶ್ನೆ ಹುಟ್ಟಿದ್ದಾದರೂ ಹೇಗೆಂಬುದನ್ನು ಸ್ವಲ್ಪ ನೋಡೋಣ. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಆಶ್ರಯದಲ್ಲಿ ಬೆಳೆದುಬಂದ ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದುವು. ಮರುವರ್ಷ, ಸಾಂಕ್ರಾಮಿಕ ರೋಗದ ದೆಸೆಯಿಂದ ಶಾಲೆಗಳ ಬಾಗಿಲು ಮುಚ್ಚಿದ್ದ ದಿನಗಳಲ್ಲಿ, ‘ಓದುವ ಬೆಳಕು’ ಎಂಬ ಕಾರ್ಯಕ್ರಮದ ಮೂಲಕ ಹಳ್ಳಿಯ ಮಕ್ಕಳು ಉಚಿತ ಸದಸ್ಯರಾಗಿ ಅವುಗಳ ಒಳಗೆ ಕಾಲಿಟ್ಟರು. ಅಂದು ಕಥೆಪುಸ್ತಕಕ್ಕಾಗಿ ಬಂದ ಹುಡುಗ-ಹುಡುಗಿಯರೇ ಇಂದು ಸ್ಪರ್ಧಾತ್ಮಕ ಪರೀಕ್ಷೆಗಳ ಅರ್ಜಿ ತುಂಬಲು, ವಿದ್ಯಾರ್ಥಿವೇತನದ ಸ್ಥಿತಿ ನೋಡಲು, ಗಣಿತದ ಪಾಠವೊಂದನ್ನು ಮತ್ತೊಮ್ಮೆ ಕೇಳಲು ಈಗ ಅರಿವು ಕೇಂದ್ರವೆನಿಸಿಕೊಂಡ ಅದೇ ಗ್ರಂಥಾಲಯಕ್ಕೆ ಬರುತ್ತಾರೆ. ಇತ್ತ, 2011ರಲ್ಲಿ ಕೇಂದ್ರ ಸರ್ಕಾರದ ಸಮ್ಮತಿ ಪಡೆದು ಮುಂದೆ ಭಾರತ್‌ನೆಟ್ ಎಂಬ ಹೆಸರನ್ನು ತಳೆದ ಯೋಜನೆಯು ಗಾಜಿನ ಎಳೆಯ ಫೈಬರನ್ನು ಗ್ರಾಮ ಪಂಚಾಯತಿಯ ಕಚೇರಿಯವರೆಗೆ ತಂದು ನಿಲ್ಲಿಸುವ ಉದ್ದೇಶದಿಂದ ರೂಪುಗೊಂಡಿತು. ಕಚೇರಿಯವರೆಗೆ ಎಂಬುದೇ ಇಲ್ಲಿನ ತೊಡಕು. ಫೈಬರಿನ ಪೆಟ್ಟಿಗೆಯು ಕಾರ್ಯದರ್ಶಿಗಳ ಮೇಜಿನ ಹಿಂದೆ, ಕಡತಗಳ ಕಬ್ಬಿಣದ ಕಪಾಟಿನ ಮಗ್ಗುಲಲ್ಲಿ ಗೋಡೆಗೆ ಹತ್ತಿಕೊಂಡಿರುತ್ತದೆ. ಗ್ರಂಥಾಲಯವೋ ಅಂಗಳದ ಆಚೆ, ಹಳೆಯ ಚಾವಡಿಯ ಕಟ್ಟಡದಲ್ಲಿಯೋ ಶಾಲೆಯ ಮಗ್ಗುಲಿನ ಕೋಣೆಯಲ್ಲಿಯೋ ಇರುತ್ತದೆ. ಸಂಪರ್ಕವು ಊರಿಗೆ ಬಂದಿದೆ. ಮಕ್ಕಳು ಕುಳಿತ ಜಾಗಕ್ಕೆ ಬಂದಿಲ್ಲ.

ನಡುವೆ ನಿಂತಿರುವುದು ನಮ್ಮ ಕಲ್ಲು. ಭೂವಿಜ್ಞಾನಿಗಳು ಕಲಾದಗಿಯ ಹೆಸರಿನಿಂದ ಕರೆಯುವ ಅತಿ ಪ್ರಾಚೀನ ಶಿಲಾಸ್ತರಗಳ ಮೇಲೆ ನೆಲೆಸಿದ ನಾಡು ಇದು; ಬಾಗಲಕೋಟೆಯ ಸುತ್ತ ಸುಣ್ಣದ ಕಲ್ಲು, ಬಾದಾಮಿಯಲ್ಲಿ ಕೆಂಪು ಮರಳುಗಲ್ಲು, ಇಳಕಲ್ಲಿನಲ್ಲಿ ದೇಶಾಂತರಗಳಿಗೆ ಹೋಗುವ ಕೆಂಪು ಗ್ರಾನೈಟು. ಕ್ರಿ.ಶ. 543ರಲ್ಲಿ ಒಂದನೆಯ ಪುಲಕೇಶಿಯು ಬಾದಾಮಿಯ ಬೆಟ್ಟವನ್ನು ದುರ್ಗವಾಗಿ ಮಾಡಿಕೊಂಡನೆಂದು ಅಲ್ಲಿಯ ಬಂಡೆಯ ಶಾಸನ ಹೇಳುವುದಷ್ಟೆ; ಅಂದಿನಿಂದ ಇಂದಿನವರೆಗೂ ಈ ನೆಲದ ಜನ ಕೈಗೆ ಸಿಕ್ಕ ಕಲ್ಲಿನಿಂದಲೇ ಮನೆ, ಗುಡಿ, ಮಠ, ಚಾವಡಿಗಳನ್ನು ಕಟ್ಟಿದ್ದಾರೆ, ದಪ್ಪವಾಗಿ ಕಟ್ಟಿದ್ದಾರೆ, ಏಕೆಂದರೆ ವೈಶಾಖದ ಬಿಸಿಲನ್ನು ಹೊರಗೆ ನಿಲ್ಲಿಸುವುದಕ್ಕೆ ದಪ್ಪ ಗೋಡೆಗಿಂತ ಉತ್ತಮವಾದ ಉಪಾಯ ಇಲ್ಲಿ ಇರಲಿಲ್ಲ. ಬಿಸಿಲನ್ನು ತಡೆಯುವ ಆ ಗೋಡೆಯೇ ವೈಫೈ ತರಂಗವನ್ನೂ ತಡೆಯುತ್ತದೆ. ವೈಫೈ ಬಳಸುವ ತರಂಗಗಳಲ್ಲಿ 2.4 ಗಿಗಾಹರ್ಟ್ಸಿನ ತರಂಗದ ಉದ್ದ ಸುಮಾರು 12.5 ಸೆಂಟಿಮೀಟರು, 5 ಗಿಗಾಹರ್ಟ್ಸಿನದು ಸುಮಾರು 6 ಸೆಂಟಿಮೀಟರು. ಉದ್ದವಾದ ತರಂಗ ಗೋಡೆಯನ್ನು ತಕ್ಕಮಟ್ಟಿಗೆ ದಾಟೀತು, ಗಿಡ್ಡನೆಯದು ಒಂದೇ ಗೋಡೆಯಲ್ಲಿ ಬಹುಪಾಲು ಸೋತುಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯ ಟೌನ್‌ಹಾಲಿನಲ್ಲಿ ಗೋಡೆಗಳಾಚೆಯ ಗಂಟೆಯನ್ನು ಅದೃಶ್ಯ ತರಂಗಗಳಿಂದ ಬಾರಿಸಿ ತೋರಿಸಿದರೆಂಬುದನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಆದರೆ ಒಂದು ಗಂಟೆ ಬಾರಿಸುವುದಕ್ಕೆ ಸಾಕಾಗುವಷ್ಟು ಶಕ್ತಿ ಗೋಡೆಯಾಚೆ ತಲುಪುವುದು ಬೇರೆ, ಇಪ್ಪತ್ತು ಮಕ್ಕಳು ಒಮ್ಮೆಗೇ ಪಾಠದ ವಿಡಿಯೋ ನೋಡುವಷ್ಟು ನಿರ್ಮಲವಾದ ಸಂಕೇತ ತಲುಪುವುದು ಬೇರೆ. ಮಳೆಗಾಲದಲ್ಲಿ ಗೋಡೆ ನೀರು ಕುಡಿದಮೇಲೆ ತರಂಗವು ಇನ್ನೂ ಕುಗ್ಗುತ್ತದೆ. ಆಲಮಟ್ಟಿಯ ಹಿನ್ನೀರಿನಿಂದಾಗಿ ಊರುಗಳು ಎದ್ದುಹೋಗಿ ನೆಲೆಸಿದ ಪುನರ್ವಸತಿ ಕೇಂದ್ರಗಳಲ್ಲಿಯೂ ಬಾಗಲಕೋಟೆಯ ನವನಗರದಲ್ಲಿಯೂ ಕಲ್ಲಿನ ಬದಲು ಸಿಮೆಂಟಿನ ಕಟ್ಟಡಗಳಿವೆಯಾದರೂ, ಅವುಗಳ ಛತ್ತು ಕಂಬಗಳೊಳಗಿನ ಕಬ್ಬಿಣದ ಸರಳುಗಳು ಅದೇ ಅಡ್ಡಿಯನ್ನು ಮತ್ತೊಂದು ರೀತಿಯಿಂದ ಒಡ್ಡುತ್ತವೆ.

ಇನ್ನು ಆ ಎರಡು ಉಪಕರಣಗಳ ಸ್ವರೂಪ. ರೂಟರೆಂಬುದು ಹಳೆಯ ಊರಿನ ಅಗಸೆಯಂತೆ. ಊರ ಒಳಗಿನವರೂ ಹೊರಗಿನವರೂ ಅದೊಂದೇ ಬಾಗಿಲಿನಿಂದ ಹಾಯಬೇಕು. ಒಳಗೆ ಬಂದ ಪ್ರತಿಯೊಂದು ಯಂತ್ರಕ್ಕೂ ಅದು ಒಂದು ವಿಳಾಸವನ್ನು ಕೊಡುತ್ತದೆ, ಒಳಗಿನ ಅನೇಕರ ಪರವಾಗಿ ಹೊರಜಗತ್ತಿನಲ್ಲಿ ತಾನೊಬ್ಬನೇ ಹೆಸರು ಹೇಳಿಕೊಂಡು ನಡೆಯುತ್ತದೆ, ಕರೆಯದೆ ಬಂದವರನ್ನು ಹೊರಗೇ ನಿಲ್ಲಿಸುತ್ತದೆ. ತಮ್ಮ ಕಚೇರಿಗೆ ಫೈಬರ್ ಕಂಪನಿಯವರು ಹಚ್ಚಿಹೋದ ಪೆಟ್ಟಿಗೆಯು, ಬಹುಪಾಲು ಸಂದರ್ಭಗಳಲ್ಲಿ, ಈ ಕೆಲಸವನ್ನೆಲ್ಲ ಆಗಲೇ ಮಾಡುತ್ತಿರುತ್ತದೆ. ಬೆಳಕನ್ನು ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸುವ ಭಾಗ, ರೂಟರು, ಒಂದು ಚಿಕ್ಕ ಸ್ವಿಚ್ಚು, ಒಂದು ವೈಫೈ ರೇಡಿಯೋ, ಈ ನಾಲ್ಕೂ ಅದೊಂದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಡಗಿರುತ್ತವೆ. ಆ್ಯಕ್ಸೆಸ್ ಪಾಯಿಂಟಾದರೋ ಇವುಗಳಲ್ಲಿ ಕೊನೆಯದೊಂದನ್ನೇ ಮಾಡತಕ್ಕದ್ದು: ಕೇಬಲ್ಲಿನ ಮೂಲಕ ತನ್ನವರೆಗೆ ಬಂದುದನ್ನು ಗಾಳಿಗೆ ಒಪ್ಪಿಸುತ್ತದೆ, ಗಾಳಿಯಿಂದ ಬಂದುದನ್ನು ಕೇಬಲ್ಲಿಗೆ ಒಪ್ಪಿಸುತ್ತದೆ, ವಿಳಾಸ ಕೊಡುವುದಿಲ್ಲ, ತಡೆಯುವುದಿಲ್ಲ, ಹೆಸರು ಬದಲಿಸುವುದಿಲ್ಲ. ಅದರ ಗುಣವಿರುವುದೇ ಆ ಸುಮ್ಮನಿರುವಿಕೆಯಲ್ಲಿ. ಊರಿಗೆ ಅಗಸೆಯೊಂದಿರುವಾಗ ಓಣಿಯ ನಡುವೆ ಎರಡನೆಯ ಅಗಸೆಯನ್ನು ಕಟ್ಟಿ ಅಲ್ಲಿಯೂ ಒಬ್ಬ ಕಾವಲುಗಾರನನ್ನು ನಿಲ್ಲಿಸಿದರೆ ಏನಾಗುವುದೋ, ಅದೇ ಎರಡನೆಯ ರೂಟರಿನಿಂದ ಆಗುವುದು.

ನಮ್ಮ ಸೀಮೆಯ ಒಂದು ಪಂಚಾಯತಿಯಲ್ಲಿ ಆದದ್ದನ್ನು ಹೇಳುವೆನು. ಊರಿನ ಹೆಸರು ಬೇಡ. ಪೇಟೆಯ ಅಂಗಡಿಯವರು “ನಾಕು ಕೋಡಿಂದು ಒಯ್ಯಿರಿ ಅಕ್ಕಾರ, ಇಡೀ ಪಂಚಾಯತಿಗೆ ಹರಡತೈತಿ” ಎಂದು ಹೇಳಿ ಕೊಟ್ಟ ರೂಟರನ್ನು ಗ್ರಂಥಾಲಯದ ಮೇಲ್ವಿಚಾರಕಿಯವರು ಬಹಳ ಅಕ್ಕರೆಯಿಂದ ತಂದು, ಕಚೇರಿಯಿಂದ ಎಳೆದ ಕೇಬಲ್ಲನ್ನು ಅದರ ಹಿಂಭಾಗದ ರಂಧ್ರವೊಂದಕ್ಕೆ ತಾವೇ ಸಿಕ್ಕಿಸಿದರು. ಇಂಥ ಪೆಟ್ಟಿಗೆಯ ಹಿಂಭಾಗವನ್ನು ತಾವೂ ನೋಡಿರಬಹುದು: ಸಾಲಾಗಿ ನಾಲ್ಕು ಒಂದೇ ಬಣ್ಣದ ರಂಧ್ರಗಳು, ಅವು ಲ್ಯಾನ್, ಅವುಗಳಿಂದ ಸ್ವಲ್ಪ ದೂರದಲ್ಲಿ ಬೇರೆ ಬಣ್ಣದ್ದೊಂದು, ಅದು ವ್ಯಾನ್, ಎಂದರೆ ಹೊರಗಿನ ಜಗತ್ತಿನ ಬಾಗಿಲು. ಮೇಲ್ವಿಚಾರಕಿಯವರು ನಾಲ್ಕರಲ್ಲಿ ಒಂದಕ್ಕೆ ಸಿಕ್ಕಿಸಿದ್ದರು. ಆ ಕ್ಷಣದಿಂದ ಒಂದೇ ಜಾಲದಲ್ಲಿ ವಿಳಾಸ ಹಂಚುವವರು ಇಬ್ಬರಾದರು. ಮರುದಿನ ಮುಂಜಾನೆ ಕಚೇರಿಯ ಕಂಪ್ಯೂಟರುಗಳನ್ನು ಹಚ್ಚಿದಾಗ ಕೆಲವು ಕಚೇರಿಯ ಪೆಟ್ಟಿಗೆಯಿಂದ ವಿಳಾಸ ಪಡೆದವು, ಕೆಲವು ಗ್ರಂಥಾಲಯದ ಹೊಸ ಪೆಟ್ಟಿಗೆಯಿಂದ ಪಡೆದವು. ಈ ಎರಡನೆಯವು ತಮ್ಮ ಮಾತನ್ನೆಲ್ಲ ಹೊರಗೆ ದಾರಿಯೇ ಇಲ್ಲದ ಆ ಪೆಟ್ಟಿಗೆಗೆ ಒಪ್ಪಿಸುತ್ತ ಕುಳಿತವು. ಇ-ಸ್ವತ್ತಿನ ಉತಾರಕ್ಕಾಗಿ ಬಂದ ರೈತರು ಬಾಪೂಜಿ ಸೇವಾ ಕೇಂದ್ರದ ಕಿಟಕಿಯ ಮುಂದೆ ನಿಂತಿದ್ದರು. “ಅಕ್ಕಾರ, ನಿಮ್ಮ ಪೆಟಗಿ ಬಂದಾಗಿಂದ ನಮ್ಮ ಕಂಪ್ಯೂಟರಿಗೆ ನೆಟ್ಟ ಇಲ್ಲರೀ” ಎಂದು ಆಪರೇಟರರು ಬಂದು ಹೇಳಿದಾಗ, ಮಕ್ಕಳಿಗೆ ಉಪಕಾರ ಮಾಡಹೊರಟ ಆ ತಾಯಿ ಎಲ್ಲರೆದುರಿಗೆ ತಪ್ಪಿತಸ್ಥಳಂತೆ ನಿಲ್ಲಬೇಕಾಯಿತು. ಆಕೆಯ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಪೆಟ್ಟಿಗೆಯ ಜೊತೆಗೆ ಬಂದ ಕಾಗದದಲ್ಲಿ ಅದನ್ನು ಹೀಗೆ ಬಳಸುವ ವಿಚಾರವೇ ಬರೆದಿರಲಿಲ್ಲ, ಮಾರಿದವರೂ ಹೇಳಲಿಲ್ಲ. ಈ ಪತ್ರವನ್ನು ಬರೆಯಬೇಕೆಂಬ ಸಂಕಲ್ಪ ನನಗೆ ಅಂದು ಮೂಡಿತು.

ವ್ಯಾನ್ ರಂಧ್ರಕ್ಕೆ ಸಿಕ್ಕಿಸಿದ್ದರೆ ಎಲ್ಲವೂ ಸರಿಹೋಗುತ್ತಿತ್ತೇ ಎಂದು ತಾವು ಕೇಳಬಹುದು. ಸಂಪರ್ಕವೇನೋ ಸಿಗುತ್ತಿತ್ತು, ಆದರೆ ಒಂದರೊಳಗೆ ಒಂದಾಗಿ ಎರಡು ಜಾಲಗಳಾಗುತ್ತಿದ್ದವು. ಕಚೇರಿಯ ಯಂತ್ರಗಳ ವಿಳಾಸ 192.168.1 ಎಂದು ಆರಂಭವಾದರೆ ಗ್ರಂಥಾಲಯದ್ದು 192.168.0 ಎಂದು ಆರಂಭವಾಗುವುದು. ಹೆಸರು ಬದಲಿಸುವ ಕಾರ್ಯ ಎರಡು ಬಾರಿ ನಡೆಯುವುದು. ಗ್ರಂಥಾಲಯದಲ್ಲಿರುವ ಯಂತ್ರವನ್ನು ಕಚೇರಿಯಿಂದ ನೋಡಿ ಸರಿಪಡಿಸುವುದು ಆಗದು. ಕಚೇರಿಯ ಪ್ರಿಂಟರು ಗ್ರಂಥಾಲಯದ ಫೋನಿಗೆ ತಾನಾಗಿ ಕಾಣಿಸದು. ಮತ್ತು ಎಲ್ಲಿಯೋ ಏನೋ ಕೆಟ್ಟಾಗ ಕೆಟ್ಟದ್ದು ಯಾವ ಪೆಟ್ಟಿಗೆಯಲ್ಲಿ ಎಂದು ಪತ್ತೆಹಚ್ಚುವುದು ಇಮ್ಮಡಿ ಶ್ರಮವಾಗುವುದು. ಎರಡೂ ಪೆಟ್ಟಿಗೆಗಳು ಕಾರ್ಖಾನೆಯಿಂದ ಒಂದೇ ವಿಳಾಸವನ್ನು ಹೊತ್ತುಬಂದಿದ್ದರಂತೂ, ಹಾಗೆ ಬರುವುದು ಅಪರೂಪವೇನೂ ಅಲ್ಲ, ಸಂಪರ್ಕವೂ ಸಿಗುವುದು ಅನುಮಾನ.

ಇಲ್ಲಿ ಒಂದು ಆಕ್ಷೇಪಣೆಗೆ ನಾನು ಗೌರವದಿಂದ ಉತ್ತರ ಕೊಡಬೇಕು, ಏಕೆಂದರೆ ಅದನ್ನು ಎತ್ತಿದವರು ವಿಚಾರವಂತರಾದ ಅಭಿವೃದ್ಧಿ ಅಧಿಕಾರಿಗಳು. “ಕಚೇರಿಯಲ್ಲಿ ಜನರ ಆಸ್ತಿಯ ದಾಖಲೆಗಳಿವೆ, ತೆರಿಗೆಯ ಲೆಕ್ಕವಿದೆ, ಊರಿನ ಹುಡುಗರ ಫೋನುಗಳೆಲ್ಲ ಅದೇ ಜಾಲಕ್ಕೆ ಸೇರಬಾರದು, ಆದುದರಿಂದಲೇ ಗ್ರಂಥಾಲಯಕ್ಕೆ ಬೇರೆ ರೂಟರು ಹಾಕಿಸಿ ಬೇರ್ಪಡಿಸಿದ್ದೇವೆ” ಎಂದು ಅವರು ಹೇಳಿದರು. ಕಳವಳ ಸಂಪೂರ್ಣವಾಗಿ ಯುಕ್ತವಾದುದು. ಉಪಾಯ ಮಾತ್ರ ತಲೆಕೆಳಗಾಗಿದೆ. ರೂಟರು ಕಾಯುವುದು ತನ್ನ ಒಳಗಿರುವವರನ್ನು ಹೊರಗಿರುವವರಿಂದ. ಗ್ರಂಥಾಲಯದ ರೂಟರಿಗೆ ಒಳಗಿರುವವರು ಹುಡುಗರು, ಹೊರಗಿರುವುದು ಕಚೇರಿ. ಆದಕಾರಣ ಕಚೇರಿಯ ಯಂತ್ರಗಳು ಹುಡುಗರ ಫೋನನ್ನು ತಲುಪಲಾರವು. ಹುಡುಗರ ಫೋನುಗಳಾದರೋ ಅಂತರಜಾಲಕ್ಕೆ ಹೋಗುವ ದಾರಿಯಲ್ಲಿಯೇ ಕಚೇರಿಯ ಜಾಲವನ್ನು ಹಾದುಹೋಗುತ್ತವೆ, ಅಲ್ಲಿಯ ಯಂತ್ರದ ವಿಳಾಸ ತಿಳಿದಿದ್ದರೆ ನೇರವಾಗಿ ಅದರ ಬಾಗಿಲು ತಟ್ಟಬಲ್ಲವು. ರಕ್ಷಿಸಬೇಕಾದುದು ಯಾವುದೋ ಅದೇ ತೆರೆದುಕೊಂಡಿತು. ಇಂಥಲ್ಲಿ ಮಾಡತಕ್ಕುದೇನೆಂದರೆ, ಕಚೇರಿಯ ಮೊದಲ ಪೆಟ್ಟಿಗೆಯಲ್ಲಿಯೇ ಎರಡು ಜಾಲಗಳನ್ನು ಏರ್ಪಡಿಸಿ, ಅವುಗಳಲ್ಲಿ ಒಂದನ್ನು ಮಾತ್ರ ಗ್ರಂಥಾಲಯದ ಆ್ಯಕ್ಸೆಸ್ ಪಾಯಿಂಟಿಗೆ ಕಳುಹಿಸುವುದು. ಕಸುಬುದಾರರು ಇದನ್ನು ವಿಲ್ಯಾನ್ ಎನ್ನುತ್ತಾರೆ. ಒಳ್ಳೆಯ ಆ್ಯಕ್ಸೆಸ್ ಪಾಯಿಂಟುಗಳಿಗೆಲ್ಲ ಇದು ಗೊತ್ತು. ಕಂಪನಿಯವರು ಹಚ್ಚಿದ ಪೆಟ್ಟಿಗೆಗೆ ಆ ಶಕ್ತಿಯಿಲ್ಲದಿದ್ದರೆ, ಆಗ ಒಂದು ಉತ್ತಮ ರೂಟರನ್ನು ಕೊಂಡು ಅದನ್ನು ಕಚೇರಿಯಲ್ಲಿ, ಎಲ್ಲಕ್ಕಿಂತ ಮುಂದೆ ಇರಿಸಬೇಕು, ಗ್ರಂಥಾಲಯದಲ್ಲಿ ಅಲ್ಲ. ಕಂಪನಿಯ ಪೆಟ್ಟಿಗೆಯನ್ನು ಬರಿಯ ಸೇತುವೆಯ ಸ್ಥಿತಿಗೆ, ಅವರ ಮಾತಿನಲ್ಲಿ ಬ್ರಿಡ್ಜ್ ಮೋಡಿಗೆ, ತರಿಸಿಕೊಳ್ಳಬೇಕು. ಜೊತೆಗೆ, ಗ್ರಂಥಾಲಯದ ಜಾಲದಲ್ಲಿ ಒಂದು ಫೋನು ಮತ್ತೊಂದು ಫೋನನ್ನು ಕಾಣದಂತೆ ಮಾಡುವ ಏರ್ಪಾಡನ್ನೂ ತಪ್ಪದೆ ಮಾಡಿಸಬೇಕು. ಅಲ್ಲಿ ಕುಳಿತವರು ಮಕ್ಕಳು ಎಂಬುದನ್ನು ಮರೆಯಬಾರದು.

ರೂಟರೇ ಬೇಕಾದ ಪ್ರಸಂಗಗಳೂ ಉಂಟು. ಗ್ರಂಥಾಲಯಕ್ಕೆ ಕಚೇರಿಯದಲ್ಲದ ಪ್ರತ್ಯೇಕ ಫೈಬರ್ ಸಂಪರ್ಕವನ್ನೇ ಕೊಂಡಿದ್ದರೆ, ಅಥವಾ ಫೈಬರು ಇನ್ನೂ ಬಾರದೆ ಮೊಬೈಲ್ ಸಿಮ್ಮಿನಿಂದ ನಡೆಸುತ್ತಿದ್ದರೆ, ಅಲ್ಲಿ ಅಗಸೆಯೇ ಇಲ್ಲವಾದುದರಿಂದ ರೂಟರನ್ನೇ ಕೊಳ್ಳಬೇಕು. ಇದರಲ್ಲಿ ಚರ್ಚೆಯಿಲ್ಲ.

ಆಗಲೇ ಎರಡನೆಯ ರೂಟರನ್ನು ಕೊಂಡಿಟ್ಟವರು ಮನಸ್ಸಿಗೆ ಹಚ್ಚಿಕೊಳ್ಳುವ ಕಾರಣವಿಲ್ಲ. ಅದನ್ನೇ ಆ್ಯಕ್ಸೆಸ್ ಪಾಯಿಂಟಾಗಿ ನಡೆಸಬಹುದು. ಈಚಿನ ಬಹಳಷ್ಟು ರೂಟರುಗಳ ಒಳಗೆ ‘ಆ್ಯಕ್ಸೆಸ್ ಪಾಯಿಂಟ್ ಮೋಡ್’ ಎಂಬ ಆಯ್ಕೆಯಿರುತ್ತದೆ, ಅದನ್ನು ಆರಿಸಿದರೆ ಮುಗಿಯಿತು. ಆ ಆಯ್ಕೆ ಇಲ್ಲದ ಹಳೆಯದಾದರೆ, ಮೊದಲು ಅದನ್ನು ಒಂದೇ ಕಂಪ್ಯೂಟರಿಗೆ ಜೋಡಿಸಿಕೊಂಡು, ಅದರ ಸ್ವಂತ ವಿಳಾಸವನ್ನು ಕಚೇರಿಯ ಜಾಲಕ್ಕೆ ಹೊಂದುವ, ಆದರೆ ಬೇರಾವ ಯಂತ್ರಕ್ಕೂ ಇಲ್ಲದ ಒಂದು ವಿಳಾಸಕ್ಕೆ ಬದಲಿಸಿ, ವಿಳಾಸ ಹಂಚುವ ಡಿಎಚ್‌ಸಿಪಿ ಎಂಬ ಕಾರ್ಯವನ್ನು ನಿಲ್ಲಿಸಿ, ಆಮೇಲೆ ಕಚೇರಿಯಿಂದ ಬಂದ ಕೇಬಲ್ಲನ್ನು ಲ್ಯಾನ್ ರಂಧ್ರಕ್ಕೆ ಸಿಕ್ಕಿಸತಕ್ಕದ್ದು. ವ್ಯಾನ್ ರಂಧ್ರ ಖಾಲಿಯಿರಲಿ. ಈ ಅನುಕ್ರಮ ತಪ್ಪಬಾರದು. ಡಿಎಚ್‌ಸಿಪಿ ನಿಲ್ಲಿಸುವ ಮುನ್ನ ಕೇಬಲ್ಲು ಸಿಕ್ಕಿಸಿದರೆ ಮೇಲೆ ಹೇಳಿದ ಪಂಚಾಯತಿಯ ಮುಂಜಾನೆ ತಮ್ಮಲ್ಲಿಯೂ ಆದೀತು.

ಈಗ ಕೇಬಲ್ಲಿನ ಮಾತು. ಹಣ ಸುರಿಯಬೇಕಾದುದು ಇಲ್ಲಿ. ತಾಮ್ರದ ಜಾಲಕೇಬಲ್ಲು ಒಂದು ತುದಿಯಿಂದ ಮತ್ತೊಂದು ತುದಿಗೆ 100 ಮೀಟರಿನವರೆಗೆ ನಿಶ್ಚಿಂತೆಯಾಗಿ ನಡೆಯುತ್ತದೆ, ಪಂಚಾಯತಿಯ ಆವರಣಕ್ಕೆ ಅಷ್ಟು ಧಾರಾಳವಾಯಿತು. ಆದರೆ ತಾಮ್ರವೆಂದು ಮಾರುವುದೆಲ್ಲವೂ ತಾಮ್ರವಲ್ಲ. ಅಲ್ಯುಮಿನಿಯಮ್ಮಿನ ಎಳೆಗೆ ತಾಮ್ರದ ಲೇಪ ಕೊಟ್ಟ ಕೇಬಲ್ಲು ಪೇಟೆಯಲ್ಲಿ ಬಹಳವಿದೆ, ಅಗ್ಗವೂ ಆಗಿದೆ. ಚೂರಿಯಿಂದ ಎಳೆಯ ತುದಿಯನ್ನು ಕೆರೆದು ನೋಡಿರಿ: ಒಳಗೆ ಬೆಳ್ಳಗೆ ಕಂಡರೆ ಅಂಗಡಿಯವರಿಗೆ ಮರಳಿಸಿರಿ. ಇದು ಮುಖ್ಯವಾಗುವುದೇಕೆಂದರೆ, ಆ್ಯಕ್ಸೆಸ್ ಪಾಯಿಂಟಿಗೆ ವಿದ್ಯುತ್ತನ್ನೂ ಅದೇ ಕೇಬಲ್ಲಿನಲ್ಲಿ ಕಳುಹಿಸುವ ಪಿಒಇ ಎಂಬ ಪದ್ಧತಿ 2003ರಿಂದ ಪ್ರಮಾಣೀಕೃತವಾಗಿ ಬಂದಿದ್ದು, ಅದರ ಮೊದಲ ಪ್ರಮಾಣದಂತೆ ಹೊರಡುವ ತುದಿಯಲ್ಲಿ 15.4 ವಾಟಿನವರೆಗಿನ ಶಕ್ತಿಯನ್ನು ಕೊಡಬಹುದಾಗಿದೆ. ಅಲ್ಯುಮಿನಿಯಮ್ಮಿನ ಎಳೆಯಲ್ಲಿ ಆ ಶಕ್ತಿ ದಾರಿಯಲ್ಲಿಯೇ ಸೋರಿ ಕೇಬಲ್ಲು ಬಿಸಿಯಾಗುವುದು. ಸಾಧಾರಣ ಮನೆಬಳಕೆಯ ರೂಟರಿಗೆ ಪಿಒಇ ಇರುವುದಿಲ್ಲ, ಅದನ್ನು ಕರೆಂಟಿನ ಪ್ಲಗ್ಗು ಇದ್ದಲ್ಲಿಯೇ ಇಡಬೇಕು; ಪಿಒಇ ಇರುವ ಆ್ಯಕ್ಸೆಸ್ ಪಾಯಿಂಟನ್ನು ಮಕ್ಕಳು ಇರುವಲ್ಲಿ ಇಡಬಹುದು. ಮೇಲಾಗಿ ಕಚೇರಿಯಲ್ಲಿ ಯುಪಿಎಸ್ ಒಂದಿದ್ದರೆ ಅದೇ ಗ್ರಂಥಾಲಯದ ವೈಫೈಯನ್ನೂ ಜೀವಂತವಾಗಿಡುತ್ತದೆ. ಬೇಸಿಗೆಯ ಸಂಜೆ ಕರೆಂಟು ಹೋದಾಗ ಇದರ ಬೆಲೆ ತಮಗೆ ತಿಳಿಯುವುದು. ಗ್ರಂಥಾಲಯವು ಬೇರೆ ಕಟ್ಟಡದಲ್ಲಿದ್ದು ಕೇಬಲ್ಲು ಬಯಲಿನಲ್ಲಿ ಹಾಯಬೇಕಾದರೆ ನನ್ನ ಸಲಹೆ ಬೇರೆ: ತಾಮ್ರವನ್ನು ಬಿಟ್ಟು ಅಷ್ಟು ದೂರಕ್ಕೆ ಫೈಬರನ್ನೇ ಎಳೆಸಿ, ಎರಡು ತುದಿಗೂ ಮೀಡಿಯಾ ಕನ್ವರ್ಟರ್ ಎಂಬ ಚಿಕ್ಕ ಡಬ್ಬಿಗಳನ್ನು ಹಾಕಿಸಿರಿ, ಆಗ ಗ್ರಂಥಾಲಯದ ತುದಿಗೆ ಬೇರೆ ವಿದ್ಯುತ್ತೂ ಒಂದು ಚಿಕ್ಕ ಯುಪಿಎಸ್ಸೂ ಬೇಕಾಗುವುದು ನಿಜ. ಆದರೆ ಬೇಸಿಗೆಯ ಅಡ್ಡಮಳೆಯ ಸಿಡಿಲು ಎಲ್ಲಿಯೋ ಬಿದ್ದರೂ ಬಯಲಿನ ತಾಮ್ರದಲ್ಲಿ ವಿದ್ಯುತ್ತಿನ ಹೊಡೆತ ಹರಿದುಬಂದು ಎರಡು ಕಡೆಯ ಯಂತ್ರಗಳನ್ನೂ ಸುಡಬಲ್ಲುದು. ಗಾಜಿನ ಎಳೆಯಲ್ಲಿ ಆ ಭಯವಿಲ್ಲ.

ಗೋಡೆಯನ್ನು ಕೊರೆಯುವುದಕ್ಕೆ ಹಲವರು ಹಿಂಜರಿಯುತ್ತಾರೆ, ಅದರಲ್ಲಿಯೂ ಹಳೆಯ ಕಲ್ಲಿನ ಕಟ್ಟಡವಾದರೆ. ಕಿಟಕಿಯ ಚೌಕಟ್ಟಿನ ಮಗ್ಗುಲು, ಛತ್ತಿನ ತೊಲೆ ಗೋಡೆಯೊಳಗೆ ಸೇರುವ ಜಾಗ, ಎಲ್ಲಿಯಾದರೂ ಗಾರೆ ಸಡಿಲವಾದ ಸಂದು ಇದ್ದೇ ಇರುತ್ತದೆ; ಬೆರಳುಗಾತ್ರದ ರಂಧ್ರ ಸಾಕು, ಹೊರಕ್ಕೆ ಸ್ವಲ್ಪ ಇಳಿಜಾರಾಗಿ ಕೊರೆದರೆ ಮಳೆನೀರು ಒಳಗೆ ಬಾರದು. ಇದರಿಂದ ತಪ್ಪಿಸಿಕೊಳ್ಳಲು ರಿಪೀಟರ್ ಎಂದೋ ಮೆಶ್ ಎಂದೋ ಮಾರುವ ತಂತಿಯಿಲ್ಲದ ಪೆಟ್ಟಿಗೆಗಳಿಗೆ ಮನಸ್ಸು ಹೋಗುವುದು ಸಹಜ. ಅವು ಗೋಡೆಯಾಚೆಯಿಂದ ಕ್ಷೀಣವಾಗಿ ಬಂದುದನ್ನೇ ಹಿಡಿದು ಮರಳಿ ಹರಡತಕ್ಕವು. ಒಂದೇ ರೇಡಿಯೋ ಇರುವ ಅಗ್ಗದ ರಿಪೀಟರು ಪ್ರತಿಯೊಂದು ಮಾತನ್ನೂ ಎರಡು ಸಲ ಆಡಬೇಕಾಗುವುದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇಟ್ಟಿಗೆಯ ತೆಳು ಗೋಡೆಯ ಮನೆಗಳಲ್ಲಿ ಅವು ಸಾಕಾಗಬಹುದು. ನಮ್ಮ ಕಲ್ಲಿಗೆ ಸಾಲವು.

ಆ ಕೋಡುಗಳ ವಿಚಾರವೊಂದು ಉಳಿಯಿತು. ಆ್ಯಂಟೆನಾಗಳು ನಾಲ್ಕಿರಲಿ ಎಂಟಿರಲಿ, ವೈಫೈ ಎಂಬುದು ಇಬ್ಬರ ಸಂಭಾಷಣೆ. ಪೆಟ್ಟಿಗೆಯ ಸಂಕೇತ ದೂರದ ಫೋನಿಗೆ ತಲುಪಿದರೂ, ಅಂಗೈಯಗಲದ ಆ ಫೋನಿನ ದುರ್ಬಲವಾದ ಉತ್ತರ ಪೆಟ್ಟಿಗೆಗೆ ತಲುಪದಿದ್ದರೆ ಪ್ರಯೋಜನವಿಲ್ಲ. ಫೋನಿನ ತೆರೆಯ ಮೇಲೆ ಸಿಗ್ನಲ್ಲಿನ ಗೆರೆಗಳು ಕಾಣುತ್ತಿದ್ದರೂ ಪುಟ ತೆರೆಯದಿರುವುದಕ್ಕೆ ಬಹಳ ಕಡೆ ಇದೇ ಕಾರಣ. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾದ 1200 ಎಂಬ ಅಂಕೆಯೂ ಒಂದು ತರಂಗಪಟ್ಟಿಯ 300ನ್ನೂ ಇನ್ನೊಂದರ 867ನ್ನೂ ಕೂಡಿಸಿ ದುಂಡಗೆ ಮಾಡಿದ್ದು. ಫೋನಾದರೋ ಒಂದು ಸಮಯಕ್ಕೆ ಒಂದೇ ಪಟ್ಟಿಯಲ್ಲಿ ಕೂಡುತ್ತದೆ. ಇದಲ್ಲದೆ, ಒಂದು ಚಾನಲ್ಲಿನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತನಾಡಲು ಸಾಧ್ಯ. ದೂರದಲ್ಲಿ ಕುಳಿತ ಫೋನು ನಿಧಾನವಾಗಿ ಮಾತನಾಡುತ್ತ ಬಹಳ ಹೊತ್ತು ತೆಗೆದುಕೊಂಡರೆ, ಪೆಟ್ಟಿಗೆಯ ಪಕ್ಕದಲ್ಲಿಯೇ ಇರುವ ಕಚೇರಿಯ ಲ್ಯಾಪ್‌ಟಾಪೂ ತನ್ನ ಸರದಿಗೆ ಕಾಯಬೇಕು. ಆದುದರಿಂದ ಓದುವ ಕೋಣೆಯಲ್ಲಿ ಆ್ಯಕ್ಸೆಸ್ ಪಾಯಿಂಟನ್ನು ನಿಲ್ಲಿಸುವುದು ಮಕ್ಕಳಿಗಷ್ಟೇ ಅಲ್ಲ, ಕಚೇರಿಗೂ ಉಪಕಾರ; ಈ ಮಾತನ್ನು ಸಭೆಯಲ್ಲಿ ಸದಸ್ಯರಿಗೆ ಹೇಳಿರಿ, ಖರ್ಚಿಗೆ ಒಪ್ಪಿಗೆ ಸಿಗುವುದು ಸುಲಭವಾಗುತ್ತದೆ.

ಅದನ್ನು ಎಲ್ಲಿ ನಿಲ್ಲಿಸಬೇಕು? ಮಾಡಿಗೆ ಅಥವಾ ಗೋಡೆಯ ಮೇಲ್ಭಾಗಕ್ಕೆ, ತಲೆಗಳಿಗಿಂತ ಎತ್ತರದಲ್ಲಿ, ಏಕೆಂದರೆ ಮನುಷ್ಯನ ಮೈಯಲ್ಲಿರುವ ನೀರು ತರಂಗವನ್ನು ಹೀರುತ್ತದೆ, ಕೋಣೆ ತುಂಬಿದಷ್ಟೂ ಸಂಕೇತ ಕುಗ್ಗುತ್ತದೆ. ಪುಸ್ತಕದ ಕಬ್ಬಿಣದ ರ‍್ಯಾಕುಗಳ ಹಿಂದೆ ಸರ್ವಥಾ ಬೇಡ. ತಗಡಿನ ಮಾಡಾದರೆ ಅದಕ್ಕೆ ಅಂಟಿಸದೆ ಒಂದಿಷ್ಟು ಕೆಳಗೆ ತೂಗಹಾಕಿರಿ. ಏಪ್ರಿಲ್ ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ತಗಡಿನ ಕೆಳಗಿನ ಕಾವಿಗೆ ಎಂಥ ಯಂತ್ರವೂ ಬಳಲುತ್ತದೆ. ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಗಳ ಸಮೀಪದ ಊರುಗಳಲ್ಲಿ ಕಲ್ಲಿನ ಧೂಳು ಗಾಳಿಯ ಕಿಂಡಿಗಳನ್ನು ಮುಚ್ಚುವುದರಿಂದ ತಿಂಗಳಿಗೊಮ್ಮೆ ಒಣಬಟ್ಟೆಯಿಂದ ಒರೆಸುವುದು ಅವಶ್ಯ. ಕಚೇರಿಯ ವೈಫೈಗೂ ಗ್ರಂಥಾಲಯದ್ದಕ್ಕೂ 2.4 ಗಿಗಾಹರ್ಟ್ಸಿನಲ್ಲಿ ಬೇರೆ ಬೇರೆ ಚಾನಲ್ಲು ಇರಿಸಬೇಕು. ಒಂದರ ಮೇಲೊಂದು ಬೀಳದ ಚಾನಲ್ಲುಗಳು 1, 6 ಮತ್ತು 11, ಇವು ಮೂರೇ. ಈ ತರಂಗಗಳಿಗೆ ಯಾರ ಅಪ್ಪಣೆಯನ್ನೂ ಪಡೆಯಬೇಕಾದ್ದಿಲ್ಲ. ಸರ್ಕಾರವು 2005ರಲ್ಲಿ 2.4 ಗಿಗಾಹರ್ಟ್ಸಿನ ಪಟ್ಟಿಯನ್ನೂ, 2018ರಲ್ಲಿ 5 ಗಿಗಾಹರ್ಟ್ಸಿನ ವಿಸ್ತಾರವಾದ ಪಟ್ಟಿಯನ್ನೂ ಹೊರಾಂಗಣದ ಬಳಕೆಗೂ ಸೇರಿಸಿ, ನಿಗದಿಯಾದ ಶಕ್ತಿಮಿತಿಯೊಳಗೆ ಪರವಾನಗಿಯಿಂದ ಮುಕ್ತಗೊಳಿಸಿತು. ವೈಫೈಯ ಮೊದಲ ಪ್ರಮಾಣ ಪ್ರಕಟವಾದ 1997ನೆಯ ಇಸವಿಯಲ್ಲಿಯೇ ನಮ್ಮ ಬಾಗಲಕೋಟೆಯೂ ವಿಜಾಪುರದಿಂದ ಬೇರ್ಪಟ್ಟು ಜಿಲ್ಲೆಯಾಯಿತು; ಅಂದು ಸೆಕೆಂಡಿಗೆ 2 ಮೆಗಾಬಿಟ್ಟು ಅದರ ಪರಮಾವಧಿಯ ವೇಗವಾಗಿತ್ತೆಂಬುದನ್ನು ನೆನೆದರೆ, ನಮ್ಮ ಜಿಲ್ಲೆಯ ವಯಸ್ಸಿನೊಳಗೆ ಈ ವಿದ್ಯೆ ನಡೆದ ದೂರ ಎಷ್ಟೆಂದು ತಿಳಿಯುವುದು.

ಸಂಜೆಯ ಹೊತ್ತು ಕಟ್ಟೆಯ ಮೇಲೆ ಕುಳಿತವರಿಗೂ ಸಂಪರ್ಕ ಕೊಡಬೇಕೆಂಬ ಉತ್ಸಾಹ ಕೆಲವು ಪಂಚಾಯತಿಗಳಲ್ಲಿದೆ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿಎಂ-ವಾಣಿ ವ್ಯವಸ್ಥೆಯಲ್ಲಿ ಚಿಕ್ಕ ಅಂಗಡಿಯವರೂ ಪರವಾನಗಿಯಿಲ್ಲದೆ ಸಾರ್ವಜನಿಕ ವೈಫೈ ಕೊಡಬಹುದಾಗಿದೆ. ಅದಕ್ಕೂ ಬೇಕಾದುದು ಮಳೆಬಿಸಿಲು ತಡೆಯುವ ಹೊರಾಂಗಣದ ಆ್ಯಕ್ಸೆಸ್ ಪಾಯಿಂಟೇ.

ಕೊಟೇಶನ್ ಕೇಳುವಾಗ ‘ವೈಫೈ ಉಪಕರಣ’ ಎಂದು ಬರೆಯಬೇಡಿರಿ. ಹಾಗೆ ಬರೆದರೆ ಕೈಗೆ ಬರುವುದು ಕೋಡಿನ ರೂಟರು. ‘ಮಾಡಿಗೆ ಜೋಡಿಸಬಹುದಾದ, ಎರಡೂ ತರಂಗಪಟ್ಟಿಯ, ವಿಲ್ಯಾನ್ ಬಲ್ಲ, ಪಿಒಇ ಇಂಜೆಕ್ಟರ್ ಸಹಿತವಾದ ಆ್ಯಕ್ಸೆಸ್ ಪಾಯಿಂಟ್, ಶುದ್ಧ ತಾಮ್ರದ ಕೇಬಲ್ಲು, ಜೋಡಣೆ ಸೇರಿ’ ಎಂದು ಬಿಡಿಸಿ ಬರೆಯಿರಿ. ಬಂದವರು ಜೋಡಿಸಿ ಹೊರಡುವ ಮುನ್ನ ಅವರೆದುರಿಗೆ ಓದುವ ಕೋಣೆಯ ನಾಲ್ಕು ಮೂಲೆಗಳಲ್ಲಿಯೂ ಕುಳಿತು ಒಂದೊಂದು ವಿಡಿಯೋ ನೋಡಿರಿ, ಕಚೇರಿಯ ಕಂಪ್ಯೂಟರಿನಲ್ಲಿ ಇ-ಸ್ವತ್ತು ತೆರೆಯಿರಿ, ಆಮೇಲೆ ಬಿಲ್ಲಿಗೆ ಸಹಿ ಮಾಡಿರಿ. ಮತ್ತು ಒಂದು ನೋಟುಪುಸ್ತಕದಲ್ಲಿ ಪೆಟ್ಟಿಗೆಯ ವಿಳಾಸ, ಅದರ ಆಡಳಿತದ ಪಾಸ್‌ವರ್ಡು, ಕೇಬಲ್ಲು ಯಾವ ಗೋಡೆಯಲ್ಲಿ ಹಾಯ್ದು ಯಾವ ರಂಧ್ರಕ್ಕೆ ಸೇರಿದೆ, ಯಾವ ದಿನ ಯಾರು ಜೋಡಿಸಿದರು ಎಂಬುದನ್ನು ಬರೆದು, ಕಚೇರಿಯ ಕಪಾಟಿನಲ್ಲಿ ಬೀಗದೊಳಗೆ ಇರಿಸಿರಿ. ಮೇಲ್ವಿಚಾರಕರು ಬದಲಾಗುತ್ತಾರೆ, ಆಪರೇಟರರು ವರ್ಗವಾಗುತ್ತಾರೆ, ಬರೆದಿಟ್ಟ ಪುಟವಿಲ್ಲದ ಕಾರಣಕ್ಕೇ ಚೆನ್ನಾಗಿದ್ದ ಯಂತ್ರವನ್ನು ಕಿತ್ತು ಹೊಸದನ್ನು ಕೊಂಡ ಊರುಗಳನ್ನು ನಾನು ಬಲ್ಲೆ.

ಇಂತು,
ತಮ್ಮ ಹಿತೈಷಿಯಾದ
ಬಾಗಲಕೋಟೆಯ ಒಬ್ಬ ಕೇಬಲ್ ಕೆಲಸಗಾರ